ಉಗ್ರಾಣದ ಪಡುವಣ ಗೋಡೆ

ಕಲ್ಲುಕುಟಿಗ ಎರಡೂ ಕೈ ಚಾಚಿ ಮೆಟ್ಟಿಲಿಗೆ ಅಡ್ಡ ನಿಂತುಬಿಟ್ಟಿದ್ದ. ಪುಸ್ತಕದ ಪೆಟ್ಟಿಗೆ ಹೊತ್ತವರು ಸಾಲಾಗಿ ಕಾಯುತ್ತಿದ್ದರು.

"ಸಾಕು. ಇನ್ನೊಂದು ಪೆಟ್ಟಿಗೇನೂ ಮೇಲೆ ಹೋಗಬಾರದು."

"ಅಪ್ಪಾ, ಮತ್ತೆ ಶುರು ಮಾಡಿದ್ಯಾ?" ಎಂಜಿನಿಯರ್ ಆಗಿದ್ದ ಮಗಳು ಹಣೆ ಚಚ್ಚಿಕೊಂಡಳು.

ಇನ್ನೂರು ವರ್ಷದ ಧಾನ್ಯದ ಉಗ್ರಾಣ ಗ್ರಂಥಾಲಯವಾಗುತ್ತಿತ್ತು. ಹಳೆಯ ಗೋಡೆಗಳ ಮೇಲೆ ಗಾಜು, ಉಕ್ಕಿನ ಹೊಸ ಮಹಡಿ. ನಕ್ಷೆ ಅವಳದು. ಪಡುವಣ ಗೋಡೆಯಲ್ಲಿ ಬಿರುಕುಬಿಟ್ಟಿದ್ದ ಹನ್ನೊಂದು ಕಲ್ಲು ತೆಗೆದು, ಹೊಸವನ್ನು ಕಡೆದು ಕೂರಿಸುವ ಕೆಲಸ ಅವನದು. ತಿಂಗಳಿಡೀ ಟಾರ್ಪಾಲಿನ ಮರೆಯಲ್ಲಿ, ರಾಟೆ ಕಟ್ಟಿಕೊಂಡು ಒಬ್ಬನೇ ದುಡಿದಿದ್ದ. ಗೋಡೆ ಭಾರ ತಡೆಯುತ್ತದೆಂದು ಅವಳು ಕಣ್ಣುಮುಚ್ಚಿ ರುಜು ಹಾಕಿದ್ದಳು. ಅಪ್ಪನ ಕೆಲಸವನ್ನು ಪರೀಕ್ಷಿಸುವುದೇನು?

ಪರಂಪರೆ ಇಲಾಖೆಯ ಅಧಿಕಾರಿ ಗೋಡೆ ಸವರುತ್ತ ಬಂದರು. "ಯಜಮಾನ್ರೇ, ಹೊಸ ಕಲ್ಲು ಯಾವುದು ಅಂತ ಗುರುತು ಸಿಗಬೇಕು ಅನ್ನೋದು ನಿಯಮ. ನನಗೆ ಒಂದೂ ಸಿಗ್ತಿಲ್ಲ. ನಿಮ್ಮನ್ನ ಬೈಬೇಕೋ, ಕೈಮುಗೀಬೇಕೋ?"

"ನಿಯಮ ಮೀರಿದ್ದೀನಿ ಸಾರ್." ಅವನ ದನಿ ಒಡೆಯಿತು. "ಗೋಡೆ ಬಿಚ್ಚಿಸಿ. ಬಾಗಿಲಿಗೆ ಬೀಗ ಜಡೀರಿ. ಈಗಲೇ."

ಅಧಿಕಾರಿ ನಕ್ಕರು. "ಇಂಥ ಕೆಲಸ ಬಿಚ್ಚಿಸಿ ಪಾಪ ಕಟ್ಕೊಳ್ಳಲಾ? ಬಿಡಿ, ನಾನು ನೋಡೇ ಇಲ್ಲ."

ಅವನು ಕಣ್ಣುಮುಚ್ಚಿದ. ಈ ಊರಿನಲ್ಲಿ ಉಳಿ ಅಂದರೆ ಅವನೇ ಎಂಬ ಮಾತಿತ್ತು. ಆ ಹೆಸರೇ ಈಗ ಅವನ ಬಾಯಿ ಕಟ್ಟಿತ್ತು.

ಮಗಳು ನೀರು ತಂದಳು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಕೋಪ ಎಂದುಕೊಂಡಳು.

"ಗಾಜಿನ ಮಹಡಿ ಕಂಡ್ರೆ ನಿನಗಾಗಲ್ಲ, ಗೊತ್ತು," ಎಂದಳು ಮೆಲ್ಲಗೆ. "ಅದಕ್ಕೆ ನನ್ನ ಮೊದಲ ಕಟ್ಟಡಕ್ಕೇ ಕಲ್ಲು ಹಾಕ್ತೀಯಾ? ಮೇಲೆ ಆಗಲೇ ನಲವತ್ತು ಜನ ಇದ್ದಾರೆ. ಮಾನ ತೆಗೀಬೇಡ."

"ಅವರನ್ನೂ ಇಳಿಸು."

"ಸರಿಯಪ್ಪಾ ಪಕ್ಕಕ್ಕೆ!"

ಅವನ ತೋಳು ಸರಿಸಿ, ಪೆಟ್ಟಿಗೆಯವರಿಗೆ ಸನ್ನೆ ಮಾಡಿ, ಅವಳು ಮೆಟ್ಟಿಲು ಹತ್ತಿದಳು. ಒಂದು. ಎರಡು. ಮೂರನೆಯದಕ್ಕೆ ಅವನು ಕುಸಿದು ಕೂತು ಮಗಳ ಕಾಲು ಹಿಡಿದುಕೊಂಡ. ಪೆಟ್ಟಿಗೆಯವರು ಮುಖ ತಿರುಗಿಸಿದರು.

"ಗೋಡೇಲಿ ಹೊಸ ಕಲ್ಲು ಒಂದೂ ಇಲ್ಲ ಪುಟ್ಟೀ... ಉಳಿ ಹಿಡಿಯೋಕೆ ಕೈ ನಿಲ್ಲಲಿಲ್ಲ. ಅದೇ ಹನ್ನೊಂದನ್ನೂ ಬಿರುಕು ಒಳಗಡೆ ಬರೋ ಹಾಗೆ ತಿರುಗಿಸಿ ಇಟ್ಟುಬಿಟ್ಟೆ."