ಬರಿಗಂಬದ ಕೆಳಗೆ

ಚೀನಾ ನಾನೇ ಎನ್ನುವ ಎರಡು ಸರ್ಕಾರಗಳ ನಡುವೆ ಆ ದ್ವೀಪ ದೋಣಿಯಂತೆ ತೇಲುತ್ತಿತ್ತು. ಇಳಿತಕ್ಕೆ ಬೀಜಿಂಗಿನವರ ದಡಕ್ಕೆ, ಭರತಕ್ಕೆ ತೈಪೆಯವರ ದಡಕ್ಕೆ. ಹತ್ತಿರವಾದವರ ಬಾವುಟ ಕಂಬಕ್ಕೇರುತ್ತಿತ್ತು. ಆ ಬಾವುಟದಡಿ ಹುಟ್ಟಿದ ಕೂಸಿಗೆ ಇನ್ನೊಂದು ದಡ ಜೀವಮಾನವಿಡೀ ಮುಚ್ಚಿದ ಬಾಗಿಲು. ಕಂಬ ಬರಿದಾಗಿದ್ದಾಗ ಹುಟ್ಟಿದ ಕೂಸಿಗೆ ಎರಡೂ ದಡ ತೆರೆದ ಬಾಗಿಲು.

ಅಂದು ದ್ವೀಪ ನಡುಗಡಲಿಗೆ ಬಂದು ಕಂಬ ಬರಿದಾಗಿದ್ದಾಗಲೇ ಅಕಿಮ್ ಅಜ್ಜಿಯ ಸೊಸೆಗೆ ಹೆರಿಗೆ ನೋವೆದ್ದಿತು. ಸೊಸೆಯ ತವರು ಬೀಜಿಂಗಿನ ಕಡೆ, ಮಗನ ದುಡಿಮೆ ತೈಪೆಯ ಕಡೆ. ಅಂಗಳದಲ್ಲಿ ಎರಡು ಕಡೆಯ ಇಬ್ಬರು ಅಧಿಕಾರಿಗಳೂ ಬಾವುಟ ಹಿಡಿದು, ಈಗ ಸರದಿ ನಮ್ಮದೆಂದು ಜಗಳಕ್ಕೆ ನಿಂತಿದ್ದರು.

ಅಜ್ಜಿ ಕಡಲು ಕಾಯುವ ಮಾಜು ತಾಯಿಗೆ ಕೈಮುಗಿದಳು. ಕೂಸು ಹುಟ್ಟಿದ ಮೇಲೆ ಹಂಚುವ ಕೆಂಪು ಮೊಟ್ಟೆಗಳನ್ನು ಮೊದಲೇ ತಂದಳು. ಬಣ್ಣ ಇನ್ನೂ ಹಸಿಯಾಗಿತ್ತು.

"ತಾಯಿಯ ಪ್ರಸಾದ ಕಣ್ರಪ್ಪಾ, ಬೇಡ ಅನ್ನಬಾರದು."

"ಕೂಸೇ ಹುಟ್ಟಿಲ್ವಲ್ಲ ಅಜ್ಜೀ!"

"ಹುಟ್ಟುತ್ತೆ. ಅಲ್ಲೀತನಕ ಮಾವಂದಿರು ಹಸಿದಿರೋದು ಬೇಡ."

ಇಬ್ಬರೂ ನಗುತ್ತ ಬಾವುಟ ಕೆಳಗಿಟ್ಟು, ಸುಲಿದು ತಿಂದರು. ಬೆರಳೆಲ್ಲ ಕೆಂಪಾದವು.

"ಈ ಕೈಯಲ್ಲಿ ಬಾವುಟ ಮುಟ್ಟೋದು ಹ್ಯಾಗೆ?" ಎಂದ ಒಬ್ಬ.

"ನನ್ನದೂ ಅದೇ ಪಾಡು," ಎಂದ ಇನ್ನೊಬ್ಬ.

ಒಳಗೆ ಕೂಸು ಅತ್ತಾಗಲೂ ಕಂಬ ಬರಿದಾಗಿಯೇ ಇತ್ತು. ಮೆಟ್ಟಿಲ ಪಕ್ಕದಲ್ಲೇ ನೀರು ತುಂಬಿದ ಕೊಡವಿತ್ತು. ಇಬ್ಬರಲ್ಲಿ ಯಾರೂ ಅತ್ತ ನೋಡಲಿಲ್ಲ.