ವೈರಿಲ್ಲದ ಮೀಟರು

"ತುಳಿಯೋನಿಗೆ ಗೊತ್ತಾಗ್ಬಾರ್ದು," ಎಂದ ವಿಷ್ಣು.

ಸೈಕಲ್ ಅಂಗಡಿಯ ಚಿಕ್ಕಬೈರಪ್ಪ ಎರಡು ಡಬ್ಬಿಗಳನ್ನು ಗಾಜಿನ ಮೇಲಿಟ್ಟು ಅವನ ಮುಖ ನೋಡಿದ. ಒಂದರಲ್ಲಿ ವೈರ್ ಇರುವ ಸ್ಪೀಡೋಮೀಟರ್. ಇನ್ನೊಂದರಲ್ಲಿ ವೈರ್ ಇಲ್ಲದ್ದು.

"ಯಾರು ಸಾರ್ ತುಳಿಯೋದು? ಮಗನಾ?"

"ವಾಚ್‌ಮನ್."

"ಹಂಗಾದ್ರೆ ವೈರಿಂದೇ ತಗೊಳಿ. ಹ್ಯಾಂಡಲ್ ಮೇಲೆ ಎದ್ದು ಕಾಣುತ್ತೆ. ಎಷ್ಟು ತುಳಿದ್ರೆ ಸಾಕು ಅಂತ ಅವನಿಗೂ ಗೊತ್ತಿರುತ್ತೆ."

"ವೈರ್ ಕಿತ್ತು, ಇಲಿ ಕಡೀತು ಅಂತಾನೆ."

"ನಿಮ್ಮ ವಾಚ್‌ಮನ್ ಮೇಲೆ ನಿಮಗೆ ಭಾರೀ ಪ್ರೀತಿ ಸಾರ್," ಎಂದು ಚಿಕ್ಕಬೈರಪ್ಪ ನಕ್ಕ. ವಿಷ್ಣು ನಗಲಿಲ್ಲ. ವೈರಿಲ್ಲದ್ದನ್ನು ಕಟ್ಟಿಸಿಕೊಂಡ.

ಪೀಣ್ಯದ ಆ ಕಾರ್ಖಾನೆ ಮುಚ್ಚಿ ಎರಡು ವರ್ಷವಾಗಿತ್ತು. ಕಾವಲು ವಿಷ್ಣುವಿನ ಸೆಕ್ಯುರಿಟಿ ಏಜೆನ್ಸಿಯದು. ಅವನು ಸೂಪರ್‌ವೈಸರ್. ಬೆಳಿಗ್ಗೆ ಆರರಿಂದ ಎರಡರವರೆಗಿನ ಪಾಳಿ ಗಂಗಪ್ಪನದು. ಬಾಗಲಕೋಟೆ ಕಡೆಯವನು, ವಯಸ್ಸು ಐವತ್ತೆಂಟು. ಕಾಂಪೌಂಡಿನ ಒಳಗೆ ದಿನಕ್ಕೆ ಹತ್ತು ಸುತ್ತು ಸೈಕಲ್ ಹೊಡೆಯಬೇಕು. ಒಟ್ಟು ಹನ್ನೆರಡು ಕಿಲೋಮೀಟರ್. ಭಾನುವಾರ ಅವನಿಗೆ ರಜ; ಬೇರೆ ಪಾಳಿಯವರು ಗೇಟಿನಲ್ಲೇ, ಸೈಕಲ್ ಮುಟ್ಟುವುದಿಲ್ಲ.

ಎರಡು ಸಲ ತಾಮ್ರದ ಕೇಬಲ್ ಕಾಣೆಯಾಗಿತ್ತು. ಎರಡೂ ಸಲ ಹಗಲಲ್ಲೇ. ಮಾಲೀಕರು ಖಡಾಖಂಡಿತವಾಗಿ ಹೇಳಿದ್ದರು: ಗಂಗಪ್ಪ ಸುತ್ತು ಹೊಡೆಯುತ್ತಿಲ್ಲವೆಂದು ಗೊತ್ತಾದರೆ ಅವತ್ತೇ ಕೆಲಸದಿಂದ ತೆಗೆಯಿರಿ.

ಸುಳ್ಳು ಅನುಮಾನದ ಮೇಲೆ ಒಬ್ಬನ ಕೆಲಸ ಕಳೆಯುವುದು ವಿಷ್ಣುವಿಗೆ ಬೇಕಿರಲಿಲ್ಲ. ಪುರಾವೆ ಬೇಕಿತ್ತು. ಆ ಶನಿವಾರ ಸಂಜೆ, ಗಂಗಪ್ಪ ಮನೆಗೆ ಹೋದ ಮೇಲೆ, ಚಕ್ರದ ಸುತ್ತು ಎಣಿಸುವ, ಅಂಗಿಯ ಗುಂಡಿಯಷ್ಟಿದ್ದ ಸೆನ್ಸರನ್ನು ಸೈಕಲ್ಲಿನ ಮುಂದಿನ ಫೋರ್ಕಿಗೆ ಕಟ್ಟಿದ. ಮೀಟರನ್ನು ಹ್ಯಾಂಡಲ್ಲಿಗೆ ತೂಗುಹಾಕಿದ್ದ ತಗಡಿನ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ. ಕೀಲಿ ತನ್ನ ಜೇಬಿಗೆ.

ಮುಂದಿನ ಶನಿವಾರ ಸಂಜೆ ಬಂದು ನೋಡಿದ. ಆರು ದಿನಕ್ಕೆ ಎಪ್ಪತ್ತೆರಡು ಕಿಲೋಮೀಟರ್. ಸರಾಸರಿ ವೇಗ ಹನ್ನೊಂದು. ತಪ್ಪೇನೂ ಇಲ್ಲ. ಅಂಕಿಗಳನ್ನು ಅಳಿಸಿ ಮತ್ತೆ ಬೀಗ ಹಾಕಿದ.

ಎರಡನೆಯ ಶನಿವಾರವೂ ಎಪ್ಪತ್ತೆರಡೇ. ಆದರೆ ಸರಾಸರಿ ಹದಿನೆಂಟು. ಅತಿ ಹೆಚ್ಚು ವೇಗ ಇಪ್ಪತ್ತೊಂಬತ್ತು.

ವಿಷ್ಣುವಿಗೆ ಇರುಸುಮುರುಸಾಯಿತು. ಐವತ್ತೆಂಟರ ಮನುಷ್ಯ, ಆ ಹಳೇ ಸೈಕಲ್, ಇಪ್ಪತ್ತೊಂಬತ್ತು? ಹೊರಗಿನ ಯಾರನ್ನೋ ಒಳಗೆ ಬಿಟ್ಟು ಸೈಕಲ್ ಕೊಡುತ್ತಿದ್ದಾನೆಯೆ?

ಮೂರನೆಯ ವಾರದ ಮೊದಲಲ್ಲೇ ದಸರಾ. ಆ ಶನಿವಾರ ವಿಷ್ಣುವಿಗೆ ಹೋಗಲಾಗಲಿಲ್ಲ. ನಾಲ್ಕನೆಯ ಶನಿವಾರ ಹೋದಾಗ ಸೈಕಲ್ಲಿನ ಹ್ಯಾಂಡಲ್ಲಿಗೆ ಆಯುಧಪೂಜೆಯ ಚೆಂಡುಹೂ ಒಣಗಿ ನೇತಾಡುತ್ತಿತ್ತು. ಬೆಲ್ಲಿಗೆ ಕುಂಕುಮ. ಚಕ್ರಕ್ಕೆ ಕುಂಕುಮ. ಫೋರ್ಕಿನ ಮೇಲಿನ ಆ ಗುಂಡಿಗೂ ಒಂದು ಚುಕ್ಕೆ ಕುಂಕುಮ.

ಅಂದರೆ ಅವನಿಗೆ ಗೊತ್ತಾಗಿದೆ.

ಪೆಟ್ಟಿಗೆ ತೆಗೆದ. ಹಬ್ಬದ ದಿನಗಳನ್ನು ಬಿಟ್ಟರೆ ದೂರ ಸರಿಯಾಗಿತ್ತು. ಸರಾಸರಿ ವೇಗ ಮಾತ್ರ ಐದು. ಐದರಲ್ಲಿ ಯಾರೂ ಸೈಕಲ್ ತುಳಿಯುವುದಿಲ್ಲ. ಕುರ್ಚಿ ಹಾಕಿಕೊಂಡು ಕೂತು, ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಸರಿಹೋಗುತ್ತದೆ.

ಗೇಟಿನಲ್ಲಿದ್ದ ಇನ್ನೊಬ್ಬ ಕಾವಲುಗಾರ ಆವಲಪ್ಪನನ್ನು ಕೇಳಿದ. "ಗಂಗಪ್ಪ ಸರಿಯಾಗಿ ಬರ್ತಿದ್ದಾನಾ?"

ಆವಲಪ್ಪ ರಸ್ತೆಯ ಕಡೆ ನೋಡುತ್ತ ನಿಂತ. "ಹಬ್ಬಕ್ಕೆ ನಾಕು ದಿನ ನಾನೇ ನೋಡ್ಕೊಂಡೆ ಸಾರ್. ಆಮೇಲಿಂದ ಒಂದು ರೌಂಡೂ ತಪ್ಪಿಲ್ಲ."

"ನಾನು ಕೇಳಿದ್ದು ಅದಲ್ಲ."

"ಒಂದು ರೌಂಡೂ ತಪ್ಪಿಲ್ಲ ಸಾರ್. ಸತ್ಯವಾಗ್ಲೂ."

ಇವನೂ ಸೇರಿಕೊಂಡಿದ್ದಾನೆ. ವಿಷ್ಣು ಮನೆಗೆ ಹೋಗಿ ಗಂಗಪ್ಪನನ್ನು ತೆಗೆದುಹಾಕುವ ಪತ್ರ ಟೈಪ್ ಮಾಡಿದ. ಸಹಿ ಹಾಕಲು ಮನಸ್ಸು ಬರಲಿಲ್ಲ. ಕಣ್ಣಾರೆ ಕಂಡ ಮೇಲೆ ಹಾಕೋಣ ಎಂದುಕೊಂಡ.

ಸೋಮವಾರ ಬೆಳಿಗ್ಗೆ ಏಳಕ್ಕೆ ಹಿಂದಿನ ಸಣ್ಣ ಗೇಟಿನಿಂದ ಒಳಗೆ ಬಂದು, ತುಕ್ಕು ಹಿಡಿದ ಬಾಯ್ಲರಿನ ಮರೆಯಲ್ಲಿ ನಿಂತ. ಪಾರ್ಥೇನಿಯಂ ಎದೆಮಟ್ಟ ಬೆಳೆದಿತ್ತು. ಹಕ್ಕಿಯ ಸದ್ದೂ ಇಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯ ತಿರುವಿನಲ್ಲಿ ಚೈನಿನ ಕಿರಕಿರ ಕೇಳಿಸಿತು. ನಿಧಾನ. ತೀರಾ ನಿಧಾನ.

ಖಾಕಿ ಅಂಗಿ, ಖಾಕಿ ಟೋಪಿ. ಸೈಕಲ್ ಮೇಲೆ ಯಾರೂ ಕೂತಿರಲಿಲ್ಲ. ನೂಕಿಕೊಂಡು ಬರುತ್ತಿದ್ದರು.

"ಗಂಗಪ್ಪಾ!" ವಿಷ್ಣು ಅಡ್ಡ ಬಂದು ನಿಂತ.

ಟೋಪಿಯ ಕೆಳಗೆ ಹೆಂಗಸಿನ ಮುಖ. ಸೀರೆಯ ಮೇಲೆ ಅಂಗಿ ತೊಟ್ಟಿದ್ದಳು.

"ನಾ ಮಲಕವ್ವ ರೀ, ಅವರ ಹೇಣ್ತಿ," ಎಂದಳು. ಓಡಲಿಲ್ಲ. "ಸೂಪರ್‌ವೈಸರ್ ಸಾಹೇಬ್ರ ಏನ್ರಿ?"

"ಹೆಂಡ್ತೀನ ಕಳ್ಸಿ ಅವನು ಮನೇಲಿ ಆರಾಮಾಗಿದ್ದಾನಾ? ನಾಚಿಕೆ ಆಗಲ್ವಾ ಅವನಿಗೆ?"

"ನಂಗ ಸೈಕಲ್ ಹೊಡ್ಯಾಕ ಬರಂಗಿಲ್ರಿ. ನೂಕ್ಕೋತ ತಿರಗತೀನಿ. ಹತ್ತು ಸುತ್ತಿನಾಗ ಒಂದೂ ಕಮ್ಮಿ ಮಾಡಿಲ್ರಿ. ಕೆಲಸಾ ಮಾತ್ರ ತಗೀಬ್ಯಾಡ್ರಿ."

"ಅವನೆಲ್ಲಿ ಅಂತ ಕೇಳ್ದೆ."

ಅವಳು ಸೈಕಲ್ಲನ್ನು ಗೋಡೆಗೆ ಒರಗಿಸಿದಳು.

"ಈ ಗುಂಡಿ ಹಾಕಿದ್ದು ಅವರು ಮೊದಲ ವಾರಾನ ನೋಡಿದ್ರಿ. ಎದಕ್ಕಂತ ಯಾರೂ ಹೇಳ್ಲಿಲ್ಲ. 'ಎಷ್ಟು ಜೋರ್ ತುಳೀತೀನಿ ಅಂತ ನೋಡಾಕತ್ತಾರ, ಸಾವಕಾಶ ಹೋದ್ರ ಮುದುಕ ಆದ ಅಂತ ಬಿಡಸ್ತಾರ' ಅಂದ್ರು. ಎದಿ ಹಿಡೀತೈತಿ ಅಂತಿದ್ರು, ಮತ್ತ ಜೋರ್ ತುಳೀತಿದ್ರು."

ವಿಷ್ಣು ಫೋರ್ಕಿನ ಮೇಲಿನ ಕುಂಕುಮದ ಚುಕ್ಕೆ ನೋಡಿದ.

"ಹಬ್ಬದ ದಿನ ಹತ್ತನೇ ಸುತ್ತು ಹೊಡ್ಯಾಗ ಇಲ್ಲೇ ಬಿದ್ರು ಸಾಹೇಬ್ರ, ನಾನು ಊರಾಗ ಮಣ್ಣು ಮಾಡಿ ಬಂದೀನ್ರಿ."