ಮುತ್ಯಾ ಹೇಳುತ್ತಿದ್ದ ಹೆಸರುಗಳು

ಇಂದಿಗೂ ವಿಭೂತಿಯ ವಾಸನೆ ಬಂದರೆ ನಿಜಾಮರ ಕಾಲದ ಕಮಲಾಪುರದ ಒಂದು ಬೆಳಗು ನೆನಪಾಗುತ್ತದೆ.

ಪ್ಲೇಗಿಗೆ ಹೆದರಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ಅವ್ವನನ್ನು ಗಾಡಿಯಲ್ಲಿ ಕಲಬುರಗಿಯ ದವಾಖಾನೆಗೆ ಒಯ್ದು ನಾಲ್ಕು ದಿನವಾಗಿತ್ತು.

ಅಜ್ಜನನ್ನು ನಾನು ಮುತ್ಯಾ ಎನ್ನುತ್ತಿದ್ದೆ. ಮುತ್ಯಾ ದಿನವೂ ಬೆಳಗ್ಗೆ ನನ್ನ ಹಣೆಗೆ ವಿಭೂತಿ ಹಚ್ಚಿ, ಬಾವಿ ತೋಡಿದವರು, ಬಾಳೆ ನೆಟ್ಟವರು ಎಂದು ಮನೆತನದಲ್ಲಿ ತೀರಿಹೋದವರ ಹೆಸರು ಹೇಳುತ್ತಿದ್ದ. ಪ್ರತಿ ಹೆಸರಿಗೂ ನಾನು ಕೈ ಮುಗಿಯಬೇಕಿತ್ತು.

"ಅವರು ಉಣಿಸಿದ್ದು ಮರೀಬ್ಯಾಡ, ಮಗಳ," ಎನ್ನುತ್ತಿದ್ದ.

ಅಂದು ಕೊನೆಗೆ ಅವ್ವನ ಹೆಸರು ಹೇಳಿದ.

"ಅವ್ವ ದವಾಖಾನ್ಯಾಗ ಅದಾಳಲ್ಲ, ಮುತ್ಯಾ?"

"ಇಲ್ಲವ್ವ, ಹೋಗ್ಯಾಳ. ಕೈ ಮುಗಿ."

"ನಾ ಮುಗಿಯಂಗಿಲ್ಲ," ಎಂದು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

ಮುತ್ಯಾ ಬೈಯಲಿಲ್ಲ. ನನ್ನನ್ನು ಎದೆಗೆ ಒತ್ತಿಕೊಂಡು, ನನ್ನ ಬೆನ್ನ ಮೇಲೆಯೇ ತನ್ನ ಕೈಗಳನ್ನು ಜೋಡಿಸಿದ.